ಹಾರ್ಡ್ ಡಿಸ್ಕಲ್ಲಿ 14 ಸಾವಿರ ಹಾಡು, ಕೇಳೋದು ಮಾತ್ರ ಅದೇ ಐವತ್ತು

ತೀರ್ಥಳ್ಳಿ ಹುಡುಗ:
ಕಳೆದ ವಾರದ ಮಳೆಗೆ ನಮ್ಮ ಕಡೆ ಮೂರು ದಿನ ಕರೆಂಟಿಲ್ಲ, ನೆಟ್‌ವರ್ಕೂ ಇಲ್ಲ. ಲ್ಯಾಪ್‌ಟಾಪಲ್ಲಿ ಉಳಿದಿದ್ದ ಚಾರ್ಜಲ್ಲಿ ಹಳೇ ಹಾರ್ಡ್ ಡಿಸ್ಕ್ ಹಾಕಿ ಕೂತೆ. ಶಿವಮೊಗ್ಗದ ಗಾಂಧಿ ಬಜಾರಲ್ಲಿ ತಗೊಂಡ ಎಂಪಿತ್ರೀ ಸಿಡಿ, ಹಾಸ್ಟೆಲಲ್ಲಿ ಪೆನ್‌ಡ್ರೈವಿಂದ ಪೆನ್‌ಡ್ರೈವಿಗೆ ದಾಟಿದ್ದು, ಅಪ್ಪನ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯೋಕೆ ಮುಂಚೆ ಕಂಪ್ಯೂಟರಿಗೆ ಇಳಿಸಿದ್ದು, ಎಲ್ಲಾ ಸೇರಿ 14 ಸಾವಿರ ಹಾಡಿದಾವೆ. ಒಂದಕ್ಕೆ 4 ನಿಮಿಷ ಅಂತ ಹಿಡಿದ್ರೂ ದಿನಕ್ಕೊಂದು ಗಂಟೆ ಕೇಳಿದ್ರೆ ಮುಗಿಯೋಕೆ ಎರಡೂವರೆ ವರ್ಷ ಬೇಕು ಮಾರಾಯ್ರೆ! ನಾನು ಕೇಳೋದು ಮಾತ್ರ ಅದೇ ಐವತ್ತು.

ಅವತ್ತು ರ‍್ಯಾಂಡಮ್ ಹಾಕಿ ಬಿಟ್ಟಿದ್ದೆ, ನಡುವೆ 'ಟ್ರ್ಯಾಕ್ 07' ಅಂತ ಒಂದು ಬಂತು. ಹೆಣ್ಣು ದನಿ, ಬರೀ ಹಾರ್ಮೋನಿಯಂ ತಬಲ, ಭಾವಗೀತೆ ಥರ. ಎರಡನೇ ಚರಣದಲ್ಲಿ ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತೆ! ಇದು ನನ್ನ ಹತ್ರ ಇದೆ ಅಂತಲೇ ನಂಗೆ ಗೊತ್ತಿರ್ಲಿಲ್ಲ. ಇಂಥವು ಇನ್ನೆಷ್ಟಿದಾವೋ. ಇವನ್ನೆಲ್ಲ ಹೊರಗೆ ತರೋಕೆ ನೀವೆಲ್ಲ ಎಂತ ಮಾಡ್ತೀರಿ?

ಭದ್ರಾವತಿ675:
ಕುಕ್ಕರ್ ಕೇಳಿಸ್ತು ಅಂದ್ರೆ ರೇಡಿಯೋ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಅದರ ಮೈಕಲ್ಲೇ ರೆಕಾರ್ಡ್ ಮಾಡಿದ್ದು. ನಮ್ಮನೇಲೂ ಆಕಾಶವಾಣಿ ಭದ್ರಾವತಿ ಹಾಕಿ ಹಾಗೇ ಮಾಡ್ತಿದ್ವಿ, ಎಲ್ಲರೂ ಉಸಿರು ಬಿಗಿಹಿಡಿದು ಕೂರ್ಬೇಕು, ಅಷ್ಟರಲ್ಲಿ ಯಾರಾದ್ರೂ ಕೆಮ್ಮೋರು.

ಇನ್ನು ನಿಮ್ಮ ಪ್ರಶ್ನೆ. ರ‍್ಯಾಂಡಮ್ಮೇ ಬೇರೆ ಶಫಲ್ಲೇ ಬೇರೆ. ರ‍್ಯಾಂಡಮ್ ಅಂದ್ರೆ ಡಬ್ಬಿಯಿಂದ ಚೀಟಿ ಎತ್ತಿ, ಓದಿ, ಮತ್ತೆ ಅದೇ ಡಬ್ಬಿಗೆ ಹಾಕಿದ ಹಾಗೆ. 14 ಸಾವಿರದಲ್ಲಿ 100 ಸಲ ಎತ್ತಿದ್ರೂ ಯಾವುದಾದ್ರೂ ಒಂದು ಮತ್ತೆ ಬರೋ ಸಾಧ್ಯತೆ ಹತ್ರ ಹತ್ರ ಶೇ. 30. ಶಫಲ್ ಅಂದ್ರೆ ಇಸ್ಪೀಟ್ ಕಲಸಿ ಒಂದೊಂದೇ ಎಲೆ ಇಳಿಸಿದ ಹಾಗೆ. ಫೂಬಾರ್2000 ಅನ್ನೋ ಮ್ಯೂಸಿಕ್ ಪ್ಲೇಯರ್ ಸಾಫ್ಟ್‌ವೇರಲ್ಲಿ ಎರಡೂ ಇದಾವೆ, ಶಫಲ್ ಇಡಿ. ಅದಕ್ಕೆ ಪ್ಲೇಬ್ಯಾಕ್ ಸ್ಟ್ಯಾಟಿಸ್ಟಿಕ್ಸ್ ಅಂತ ಒಂದು ಕಾಂಪೊನೆಂಟ್ ಸಿಗುತ್ತೆ, ಯಾವ ಹಾಡು ಎಷ್ಟು ಸಲ ಕೇಳಿದ್ರಿ ಅಂತ ಲೆಕ್ಕ ಇಡುತ್ತೆ, ಒಂದು ಸಲವೂ ಕೇಳದೇ ಇರೋದನ್ನ ಮಾತ್ರ ಸೋಸಿ ಪ್ಲೇಲಿಸ್ಟ್ ಮಾಡ್ಕೊಬಹುದು. ಹಾಕ್ಕೊಂಡ ದಿನದಿಂದ ಮಾತ್ರ ಲೆಕ್ಕ, ಹಿಂದಿಂದು ಸಿಗಲ್ಲ.

ಅಡಿಕೆ ಸುಲಿಯೋನು:
ಶಫಲ್ ಅಂತೆ ಶಫಲ್ಲು, ನನ್ನ ಗೋಳು ಕೇಳಿ. ಹೋದ ವರ್ಷ ರಾತ್ರಿ ಅಡಿಕೆ ಸುಲಿಯೋವಾಗ ಬೇಜಾರಾಗ್ಬಾರ್ದು ಅಂತ ಸ್ಪೀಕರಿಗೆ ಕನೆಕ್ಟ್ ಮಾಡಿ ಶಫಲ್ ಹಾಕಿದೆ. ಒಂದು ಸಿನಿಮಾ ಡ್ಯುಯೆಟ್ ಮುಗೀತು, ಮರುಕ್ಷಣ ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆ ಶುರು. 90 ನಿಮಿಷದ ಕ್ಯಾಸೆಟ್ಟು, ಒಂದು ಸೈಡ್ ಪೂರ್ತಿ ಒಂದೇ ಫೈಲ್ ಮಾಡಿಟ್ಟಿದ್ದೆ, 45 ನಿಮಿಷ. ಬದಲಿಸೋಣ ಅಂತ ಎದ್ರೆ ಮೆಟ್ಟುಕತ್ತಿ ಮುಂದೆ ಕೂತ ಹೆಂಗಸರೆಲ್ಲ 'ಸುಮ್ನೆ ಕೂರಾ, ಕೈ ಹಾಕಬೇಡ' ಅಂತ ಬೈದ್ರು. ನಾವಡರು ತೀರಿಕೊಂಡಿದ್ದು 1990ರಲ್ಲಿ, ಅಲ್ಲಿದ್ದ ಅರ್ಧ ಜನ ಹುಟ್ಟಿದ್ದೇ ಆಮೇಲೆ. ಅವತ್ತು ಅಡಿಕೆ ಮಾತ್ರ ಬೇಗ ಮುಗೀತು. ಆದ್ರೂ 10 ನಿಮಿಷಕ್ಕಿಂತ ಉದ್ದದ್ದು ಬೇರೆ ಫೋಲ್ಡರಿಗೆ ಹಾಕಿಡಿ.

ಸಾಗರದ ಸೊಸೆ:
ನಂಗ್ಯಾಕೋ ಶಫಲ್ ಇಷ್ಟ ಇಲ್ಲ. ಎಲ್ಲಾ ಫೈಲನ್ನ ಡೇಟ್ ಮಾಡಿಫೈಡ್ ಪ್ರಕಾರ ಸಾರ್ಟ್ ಮಾಡಿ ನೋಡಿ. ಕ್ರಿಯೇಟೆಡ್ ಅಲ್ಲ, ವಿಂಡೋಸಲ್ಲಿ ಬೇರೆ ಡಿಸ್ಕಿಗೆ ಕಾಪಿ ಮಾಡಿದ್ರೆ ಅದು ಬದಲಾಗುತ್ತೆ, ಮಾಡಿಫೈಡ್ ಹಾಗೇ ಉಳಿಯುತ್ತೆ. ನಂದು ಸಾರ್ಟ್ ಮಾಡಿದ್ರೆ ಪಿಯುಸಿ ಪರೀಕ್ಷೆ ತಿಂಗಳಲ್ಲಿ ಕೇಳ್ತಿದ್ದ 23 ಹಾಡು ಸಾಲಾಗಿ ಬಂದ್ವು, ನೋಡಿ ನಗು ಬಂತು, ಅಷ್ಟೂ ವಿರಹಗೀತೆ. ಆದ್ರೆ ಟ್ಯಾಗ್ (ಫೈಲ್ ಒಳಗೇ ಬರೆದಿರೋ ಹಾಡು, ಗಾಯಕರ ವಿವರ) ತಿದ್ದೋಕೆ ಹೋದ್ರೆ ಸಾಮಾನ್ಯವಾಗಿ ಆ ತಾರೀಖು ಹೋಗ್ಬಿಡುತ್ತೆ, ಮೊದಲು ಇದನ್ನ ನೋಡ್ಕೊಳ್ಳಿ.

ಮತ್ತೆ ಸ್ಪೆಲ್ಲಿಂಗ್. ನಮ್ಮ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದ 'ಕಾಡು ಕುದುರೆ' ಹಾಡು ನನ್ನ ಹತ್ರ ನಾಲ್ಕು ಕಾಪಿ ಇತ್ತು, ನಾಲ್ಕಕ್ಕೂ ಇಂಗ್ಲಿಷಲ್ಲಿ ನಾಲ್ಕು ಥರ ಸ್ಪೆಲ್ಲಿಂಗು. ಕೆಲವಕ್ಕೆ ಯಾರೋ ನುಡಿ ಫಾಂಟಲ್ಲಿ ಹೆಸರು ಬರೆದಿದ್ರು, ಈಗ ತೆಗೆದ್ರೆ ಬರೀ ಸೊಟ್ಟ ಸೊಟ್ಟ ಅಕ್ಷರ. ಇದ್ದೂ ಸಿಗಲ್ಲ ಅನ್ನೋದು ಇದಕ್ಕೇ. ಅವತ್ತವತ್ತು ಕೇಳಿದ್ದಕ್ಕೆ ಮಾತ್ರ ಕನ್ನಡದಲ್ಲಿ ಫೈಲ್ ಹೆಸರು ಹಾಕಿ ಸಾಕು, ಹೆಸರು ಬದಲಿಸಿದ್ರೆ ತಾರೀಖಿಗೇನೂ ಆಗಲ್ಲ.

ಅಂದಹಾಗೆ ಆ ಟ್ರ್ಯಾಕ್ 07 ನಿಮ್ಮಮ್ಮನಿಗೆ ಕೇಳಿಸಿದ್ರಾ?

ತೀರ್ಥಳ್ಳಿ ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಸಾರ್ಟ್ ಮಾಡಿ ನೋಡಿದೆ, ಅಪ್ಪನ ಕ್ಯಾಸೆಟ್ ಇಳಿಸಿದ ವಾರದ್ದೇ ಅದು, 06 ಮತ್ತು 08 ಎರಡೂ ಪಕ್ಕದಲ್ಲೇ ಇದಾವೆ, ಅವೂ ಅದೇ ದನಿ.

ಅಮ್ಮಂಗೆ ಕೇಳಿಸಿದೆ ಅಕ್ಕಾ. ಹಾಡು ಪೂರ್ತಿ ಜೊತೆಗೆ ಹೇಳ್ಕೊಂಡ್ಲು, ಯಾರು ಹಾಡಿದ್ದು ಅಂದ್ರೆ ನೆನಪಿಲ್ಲ. ಕುಕ್ಕರ್ ಬಂದ ಕೂಡ್ಲೇ 'ಇದು ನಮ್ಮನೇದಲ್ಲ' ಅಂದ್ಲು. ಆಗ ನಮ್ಮನೇಲಿ ಕುಕ್ಕರೇ ಇರ್ಲಿಲ್ವಂತೆ, ಇದ್ದಿದ್ದು ಹೊಸನಗರದ ಅತ್ತೆ ಮನೇಲಿ. ಬೆಳಗ್ಗಿಂದ ಅತ್ತೆಗೆ ಫೋನ್ ಮಾಡ್ತಿದೀನಿ, ಸಿಗ್ತಿಲ್ಲ, ಅಲ್ಲೂ ಕರೆಂಟ್ ಹೋಗಿ ಟವರ್ ಮಲಗಿರ್ಬೇಕು.