ಶಾಲೆ ಮೈದಾನದ ಬೇಲೀಲಿ ಊರವರ ಮೆಸೇಜ್ ಹಾಕೋದು ಹ್ಯಾಂಗೆ?

ಹಾಳೆಟೋಪಿ:
ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಶಾಲೆ ಮೈದಾನಕ್ಕೆ ರಸ್ತೆ ಬದಿ ಚೈನ್‌ಲಿಂಕ್ ಬೇಲಿ ಇದೆ, ಬಸ್ಸಿಗೆ ಕಾಯೋರೆಲ್ಲ ಅದರ ಎದುರೇ ನಿಂತಿರ್ತಾರೆ. ಅಲ್ಲಿ ಊರವರೇ ಬರೆದು ಹಾಕೋ ಹಾಗೆ ಮಾಡೋಣ ಅಂತ ನಮಗೊಂದಿಷ್ಟು ಜನಕ್ಕೆ ಆಸೆ, ಎಸ್ಸೆಸ್ಸೆಲ್ಸಿ ಪಾಸಾದೋರಿಗೆ ಶುಭಾಶಯ, ತಪ್ಪಿಸಿಕೊಂಡ ದನ, ಯಕ್ಷಗಾನದ ಆಟ ಯಾವತ್ತು, ಅಡಿಕೆ ಸುಲಿಯೋಕೆ ಜನ ಬೇಕು, ಇಂಥದ್ದು. ವಾಟ್ಸಾಪ್ ಗ್ರೂಪಲ್ಲಿ ಹಾಕಿದ್ರೆ ಗುಡ್ ಮಾರ್ನಿಂಗ್ ಹೂವಿನ ಅಡಿ ಹೋಗುತ್ತೆ, ನೆಟ್‌ವರ್ಕ್ ಕಥೆ ಹೇಳೋದೇ ಬೇಡ. ಯಾರ ಪರ್ಮಿಷನ್ ಬೇಕು? ಎಂತದರಲ್ಲಿ ಮಾಡಿದ್ರೆ ಬಾಳಿಕೆ ಬರುತ್ತೆ?

ತುಂಗೆ ದಂಡೆ:
ಫ್ಲೆಕ್ಸ್ ಒಂದು ಬೇಡ ಮಾರಾಯ್ರೆ. 2016ರಲ್ಲೇ ರಾಜ್ಯದಲ್ಲಿ ಬ್ಯಾನ್ ಆಗಿದೆ, ಹಾಕೋರು ಹಾಕ್ತಾನೇ ಇದಾರೆ ಅದು ಬೇರೆ ಮಾತು. ಸರ್ಕಾರಿ ಶಾಲೆ ಆದ್ರೆ ಹೆಡ್‌ಮಾಸ್ಟ್ರು, ಎಸ್‌ಡಿಎಂಸಿ (ಶಾಲೆ ಉಸ್ತುವಾರಿ ಸಮಿತಿ) ಹತ್ರ ಮಾತಾಡಿ, ಪಂಚಾಯ್ತಿ ಪಿಡಿಒಗೆ ಅರ್ಜಿ ಕೊಟ್ಟು ಸೀಲ್ ಬಿದ್ದ ಕಾಪಿ ಇಟ್ಕೊಳ್ಳಿ, ಬಾಯಿಮಾತಲ್ಲಿ ಹೂಂ ಅಂದಿದ್ದು ಎಲೆಕ್ಷನ್ ಬಂದಾಗ ನಡೆಯಲ್ಲ. ಪಕ್ಷ, ಜಾತಿ ಸಂಘ, ಅಂಗಡಿ ಜಾಹೀರಾತು ಮೂರೂ ಇಲ್ಲ ಅಂತ ಮೊದಲೇ ಬರೆದು ಹಾಕಿ. ತೆಗೆಯೋ ತಾರೀಖು ಮೂಲೇಲಿ ಇರಲೇಬೇಕು. ನಮ್ಮಲ್ಲಿ ಹೋದ ವರ್ಷದ ಗಣಪತಿ ಬ್ಯಾನರೇ ಈ ವರ್ಷದ ಗಣಪತಿಗೂ ಸ್ವಾಗತ ಕೋರುತ್ತೆ.

ಜಾಲರಿ:
ಖಾಯಂ ಬೇಕಾದ್ದಕ್ಕೆ ಬಟ್ಟೆ ಪಟ್ಟಿ ಕಟ್ಟಿ ಅಕ್ಷರ ಮಾಡಿ. ಹಳೆ ಸೀರೆ ಎರಡು ಬೆರಳಗಲ ಹರಿದು ಜಾಲರಿ ತಂತಿಗೆ ಸುತ್ತುತ್ತಾ ಹೋಗೋದು. ಅಮೆರಿಕದಲ್ಲಿ ಶಾಲೆ ಬೇಲಿಗಳಿಗೆ ಪ್ಲಾಸ್ಟಿಕ್ ಕಪ್ ಸಿಕ್ಕಿಸಿ ಬರೀತಾರೆ, ಇಂಗ್ಲಿಷಿಗೆ ಅದು ಸಲೀಸು, ನಮ್ಮ ಒತ್ತಕ್ಷರಕ್ಕೆ ಕೆಳಗೆ ಜಾಲರಿಯ ಇನ್ನೊಂದಿಷ್ಟು ಕಣ್ಣು ಜಾಗ ಬಿಡಬೇಕು, ಕಣ್ಣು ಓರೆ ಇರೋದ್ರಿಂದ ದುಂಡಗೆ ತಿರುಗಿಸೋದೂ ಕಷ್ಟ. ಮೊದ್ಲು ಪೇಪರಲ್ಲಿ ಕಣ್ಣು ಎಣಿಸಿ ಬರ್ಕೊಳ್ಳಿ, ಚುಕ್ಕಿ ರಂಗೋಲಿ ಹಾಕೋರಿದ್ರೆ ಅವರಿಗೇ ಬಿಟ್ಬಿಡಿ. ಮತ್ತೆ ಉದ್ದಕ್ಕೆ ಶೀಟ್ ಹೊದೆಸೋಕೆ ಹೋಗ್ಬೇಡಿ, ಜೂನ್ ಗಾಳಿಗೆ ಕಂಬಾನೇ ವಾಲುತ್ತೆ, ಪಟ್ಟಿ ಆದ್ರೆ ಗಾಳಿ ಸಂದೀಲಿ ದಾಟಿಹೋಗುತ್ತೆ.

ತೋಟದ ಮನೆ:
ವಾರವಾರ ಬದಲಾಗೋದಕ್ಕೆ ಬಟ್ಟೆ ಯಾರು ಕಟ್ತಾ ಕೂರ್ತಾರೆ. ಅಡಿಕೆ ಹಾಳೆ ಇದ್ಯಲ್ಲ! ನೆನೆಸಿ, ಕಲ್ಲು ಹೇರಿ ಒಣಗಿಸಿ, ಇಲ್ಲಾಂದ್ರೆ ಸುರುಟಿಕೊಳ್ಳುತ್ತೆ. ಒಳಮೈ ಮೇಲೆ ಪೇಂಟಲ್ಲಿ ಬರೆದು ಎರಡು ತೂತು ಹೊಡೆದು ಬೈಂಡಿಂಗ್ ವೈರಲ್ಲಿ ಕಟ್ಟಿ, ವೈರಿನ ತುದಿ ಒಳಗೆ ಮಡಚಿ, ಮಕ್ಕಳ ಕೈಗೆ ತಾಗುತ್ತೆ. ಬೇಸಿಗೆ ಪೂರ್ತಿ ಇರುತ್ತೆ. ಮಳೆ ಹಿಡಿದ ಮೇಲೆ ಬೂಸ್ಟು ಬರೋದೇ, ಆಗ ಹಳೆ ತಗಡಿನ ತುಂಡಿಗೆ ಬದಲಾಯಿಸಿ.

ಒಂದು ಜಾಗ ಮಾತ್ರ ಡಿಸೆಂಬರ್‌ನಿಂದ ಮೇ ತನಕ ಕಾಡಿನ ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಸುದ್ದಿಗೆ ಬಿಟ್ಟಿಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾದ ಕಾಯಿಲೆ, ಇನ್ನೂ ನಮ್ಮನ್ನ ಬಿಟ್ಟಿಲ್ಲ. ಯಾವ ಕಡೆ ಮಂಗ ಸತ್ತಿದೆ, ಯಾವ ಹಾಡ್ಯಕ್ಕೆ (ಊರ ಪಕ್ಕದ ಕಾಡಿಗೆ) ದರಗು, ಅಂದ್ರೆ ಒಣಗಿದ ಎಲೆ, ತರೋಕೆ ಹೋಗಬಾರದು, ಅಂತ ಆಶಾ ಕಾರ್ಯಕರ್ತೆ ಹತ್ರ ಕೇಳಿ ಅವತ್ತವತ್ತೇ ಬರೀರಿ. ದರಗಿಗೆ ಹೋಗೋರು ಬೆಳಿಗ್ಗೆ ಬೇಗ ಹೊರಡ್ತಾರೆ, ಹಿಂದಿನ ದಿನ ಸಂಜೇನೇ ಕಟ್ಟಿರಬೇಕು.