ಅಪ್‌ಡೇಟ್: ಫೈರ್‌ಮನ್ ತರಬೇತಿಗೆ ಓಟವೊಂದೇ ಸಾಲದು
ಅಗ್ನಿಶಾಮಕ ತರಬೇತಿಗೆ ಸೇರುವ ಮೊದಲು ಓಡಿ ಅಭ್ಯಾಸ ಮಾಡಿದರೆ ಸಾಕೇ ಎಂದು ಕೇಳಿದ್ದೆ. ಸಾಲದು. ಭಾರ ಹೊತ್ತು ಮೆಟ್ಟಿಲು ಹತ್ತುವುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉತ್ತರ ಅಮೆರಿಕದಲ್ಲಿ ಫೈರ್‌ಮನ್ ಆಗಬಯಸುವವರ ದೈಹಿಕ ಸಾಮರ್ಥ್ಯ ಅಳೆಯುವ ಸಿಪ್ಯಾಟ್ (CPAT) ಪರೀಕ್ಷೆಯಲ್ಲಿ 8 ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನೊಳಗೆ ಮುಗಿಸಬೇಕು. ಮೊದಲನೆಯದೇ ಮೆಟ್ಟಿಲು, ಸುಮಾರು 34 ಕೆ.ಜಿ. ಹೊತ್ತು 3 ನಿಮಿಷ.

ಓದಿಗೆ ಶಾಲೆಯ ಗಣಿತವೇ ಆಧಾರ, ಆದರೆ ಬಾಯಿಲೆಕ್ಕ ಚುರುಕಾಗಿರಬೇಕು. ಹೊಗೆಯೊಳಗೆ ಉಸಿರಾಡಲು ಬೆನ್ನಿಗೆ ಹೊರುವ ಗಾಳಿ ಸಿಲಿಂಡರ್ 6 ಲೀಟರ್, ಒತ್ತಡ 300 ಬಾರ್ ಎಂದರೆ ಸರಿಸುಮಾರು 1800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್‌ನಂತೆ 45 ನಿಮಿಷ. ಹೊಸಬರು ಎಡವುವುದು ಇಲ್ಲೇ: ಏದುಸಿರಿಗೆ 60 ಲೀಟರ್ ಬೇಕಾದರೆ 30 ನಿಮಿಷಕ್ಕೇ ಖಾಲಿ. ಒತ್ತಡ ಸುಮಾರು 55 ಬಾರ್‌ಗೆ ಇಳಿದಾಗ ಗಾಳಿ ಮುಗಿಯುತ್ತಿದೆ ಎಂದು ಎಚ್ಚರಿಸುವ ಸೀಟಿ ಊದುತ್ತದೆ, ಅದಕ್ಕೂ ಮೊದಲೇ ಹೊರಗಿರಬೇಕು.

ಗಡ್ಡವಿದ್ದರೆ ಪೂರ್ತಿ ಬೋಳಿಸಿ (ಟ್ರಿಮ್ ಮಾಡಿದರೆ ಸಾಲದು). ಇಲ್ಲವಾದರೆ ಉಸಿರಾಟದ ಮಾಸ್ಕಿನ ಅಂಚು ಮುಖಕ್ಕೆ ಸರಿಯಾಗಿ ಕೂರದೆ ಗಾಳಿ ಸೋರುತ್ತದೆ.