ಅಪ್‌ಡೇಟ್: ಹಳೇ ಐ7 ಬಿಟ್ಟೆ, ಹೊಸ ಐ3 ತಗೊಂಡೆ

ಮದುವೆ ವಿಡಿಯೋ ಎಡಿಟಿಂಗ್‌ಗೆ ಇಂಟೆಲ್ ಪ್ರೊಸೆಸರ್‌ಗಳಲ್ಲಿ (ಕಂಪ್ಯೂಟರಿನ ಮುಖ್ಯ ಚಿಪ್) ಸೆಕೆಂಡ್‌ಹ್ಯಾಂಡ್ ಐ7-7700ಕೆ ಒಳ್ಳೆಯದಾ, ಹೊಸ ಐ3-12100 ಒಳ್ಳೆಯದಾ ಅಂತ ಕೇಳಿದ್ದೆ. ಐ3 ತಗೊಂಡೆ.

ಎರಡರಲ್ಲೂ 4 ಕೋರ್ (ಲೆಕ್ಕ ಮಾಡುವ ಭಾಗ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸ). 2017ರ ಐ7 4.5 ಗಿಗಾಹರ್ಟ್ಸ್‌ವರೆಗೆ ಓಡುತ್ತದೆ, 2022ರ ಐ3 4.3. ಆದರೂ ಅಷ್ಟೇ ಗಿಗಾಹರ್ಟ್ಸ್‌ನಲ್ಲಿ ಹೊಸದು ಜಾಸ್ತಿ ಕೆಲಸ ಮಾಡುತ್ತದೆ. ಹಳೆಯದಕ್ಕೆ ವಿಂಡೋಸ್ 11ರ ಅಧಿಕೃತ ಬೆಂಬಲವೂ ಇಲ್ಲ.

ನನ್ನ ದೊಡ್ಡ ಚಿಂತೆ ಬಿಸಿಯದ್ದು. ರಾಯಚೂರಿನ ಬೇಸಿಗೆ ಗೊತ್ತಲ್ವಾ! 7700ಕೆ 91 ವ್ಯಾಟ್‌ನದ್ದು, ಅಷ್ಟು ಬಿಸಿ ಹೊರಹಾಕೋಕೆ ಕೂಲರ್ (ಚಿಪ್ ತಣ್ಣಗಿಡುವ ಫ್ಯಾನ್) ಬೇರೆ ಕೊಳ್ಳಬೇಕು. ಐ3 ಬಾಕ್ಸಲ್ಲೇ ಕೂಲರ್ ಬಂತು. ನಿನ್ನೆ ಮಧ್ಯಾಹ್ನ, ಗೋಡೆ ಮುಟ್ಟಿದರೆ ಕೈ ಚುರ್ ಅನ್ನುವ ಹೊತ್ತಲ್ಲಿ, ಆರತಕ್ಷತೆಯ ವಿಡಿಯೋ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನು ಪೂರ್ತಿ ಫೈಲ್ ಮಾಡೋದು) ಹಾಕಿದೆ. ಫ್ಯಾನ್ ಗುಯ್ ಅಂತು, ಕೆಲಸ ಎಲ್ಲೂ ನಿಲ್ಲಲಿಲ್ಲ. ನನಗಂತೂ ಜೀವ ಬಂದಂಗಾಯ್ತು.

7700ಕೆಗೆ ಹಳೇ ಮದರ್‌ಬೋರ್ಡೇ (ಚಿಪ್ ಕೂರಿಸುವ ಬೋರ್ಡ್) ಬೇಕು. “ಹಳೇ ಬೋರ್ಡ್ ಹುಡುಕ್ತಾ ಅಲೀಬೇಡ ತಮ್ಮಾ” ಎಂದ ಅಣ್ಣನಿಗೆ ತುಂಬಾ ಥ್ಯಾಂಕ್ಸ್. ದುಡ್ಡು ಕೂಡಿದ ಮೇಲೆ ಈ ಐ3 ಇರುವ ಬೋರ್ಡಿಗೇ ಅದೇ ಪೀಳಿಗೆಯ ಐ5-12400 ಚಿಪ್ ಹಾಕ್ತೀನಿ.